ಹೆಂಚು ಇಳಿಸಿ ಶೀಟ್ ಹಾಕುವ ಮೊದಲು

ತೀರ್ಥಹಳ್ಳಿ, ಹೊಸನಗರದ ಸುತ್ತ ಚಾವಣಿ ಕೆಲಸ ಮಾಡುವವನು ನಾನು. ಅಪ್ಪ ಹೆಂಚಿನ ಮನೆಗಳ ಬಡಗಿ. ನಾನು ವೆಲ್ಡಿಂಗ್ ಕಲಿತು ಉಕ್ಕಿನ ಶೀಟಿನ ಕಡೆ ಬಂದೆ. ಮಾರ್ಚ್ ಬಂತೆಂದರೆ ಫೋನ್ ಶುರುವಾಗುತ್ತದೆ: "ಈ ಸಲ ಹೆಂಚು ತೆಗೆಸಿ ಶೀಟ್ ಹಾಕ್ಸೋಣ ಅಂತಿದೀವಿ, ಅಡಿಗೆ ಎಷ್ಟಾಗುತ್ತೆ?" ರೇಟು ಹೇಳುವ ಮೊದಲು ಮನೆ ನೋಡಬೇಕು ಅನ್ನುತ್ತೇನೆ. ಮಲೆನಾಡಿನ ಒಂದೇ ಮನೆಯಲ್ಲಿ ಶೀಟು ಬೇಕಾದ ಜಾಗವೂ ಇರುತ್ತದೆ, ಬೇಡವೇ ಬೇಡ ಅನ್ನುವ ಜಾಗವೂ ಇರುತ್ತದೆ.

ಮೊದಲು ಮರ ನೋಡಿ. ಪಕಾಸಿ, ಅಂದರೆ ಚಾವಣಿಯನ್ನು ಹೊರುವ ಇಳಿಜಾರು ಮರ, ಗೋಡೆಯ ಮೇಲೆ ಕೂರುವ ತುದಿಗೆ, ಎರಡು ಮಾಡು (ಚಾವಣಿಯ ಇಳಿಜಾರು) ಸೇರುವ ಮೂಲೆಯ ಕೆಳಗಿನ ಮರಕ್ಕೆ, ಚೂಪಾದ ಉಳಿ ಒತ್ತಿ. ಮುಟ್ಟಿದಲ್ಲೇ ನಿಂತರೆ ಮರ ಗಟ್ಟಿ ಇದೆ. ಕಾಲು ಇಂಚು ಸಲೀಸಾಗಿ ಇಳಿದರೆ ಒಳಗೆ ಲಡ್ಡಾಗಿದೆ. ಹೆಬ್ಬಲಸು, ಮತ್ತಿಯ ಹಳೆ ಪಕಾಸಿಗಳು ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗಟ್ಟಿಯಾಗಿವೆ. ಹೋಗಿರುವುದು ಹೆಂಚು ಕೂರುವ ತೆಳು ಪಟ್ಟಿ, ಅಂದರೆ ರೀಪು ಮಾತ್ರ. ಅಂಥ ಮನೆಗೆ ರೀಪು ಬದಲಿಸಿ ಹೆಂಚು ಕೈಯಾಡಿಸಿದರೆ, ಅಂದರೆ ತೆಗೆದು ಮತ್ತೆ ಜೋಡಿಸಿದರೆ, ಸಾಕು. ಆ ಮರವನ್ನು ಕಿತ್ತು ಕಬ್ಬಿಣದ ಪೈಪು ಕೂರಿಸಿ ಅಂದರೆ ನನಗೆ ಮನಸ್ಸೇ ಬರುವುದಿಲ್ಲ.

ಆದರೆ ಜನ ಶೀಟಿನ ಕಡೆ ವಾಲುವುದಕ್ಕೆ ನಿಜವಾದ ಕಾರಣಗಳಿವೆ. ಮಂಗಗಳ ಕಾಟ, ಹೆಂಚು ಕೈಯಾಡಿಸಲು ಆಳು ಸಿಗದಿರುವುದು, ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವುದು. ಮಳೆಗಾಲದಲ್ಲಿ ಒಡೆದ ಒಂದು ಹೆಂಚು ಬದಲಿಸಲು ಎಪ್ಪತ್ತು ದಾಟಿದವರು ಮಾಡು ಹತ್ತುವ ಪರಿಸ್ಥಿತಿ ಯಾರಿಗೂ ಬರಬಾರದು. ಅಂಥ ಮನೆಗೆ ಶೀಟೇ ಸರಿ. ತಾರಸಿ ಸೋರುತ್ತಿದ್ದರೆ, ಕೊಟ್ಟಿಗೆ ಅಥವಾ ಅಡಿಕೆ ದಾಸ್ತಾನಿನ ಕೋಣೆಯಾದರೆ ಯೋಚನೆಯನ್ನೇ ಮಾಡಬೇಡಿ, ಹಾಕಿಸಿ.

ಮಲಗುವ ಕೋಣೆಗೆ ಬಂದಾಗ ತಲೆ ಎತ್ತಿ ಮುಚ್ಚಿಗೆ ಇದೆಯಾ ನೋಡಿ. ಹಲಗೆಯ ಮೇಲೆ ಮಣ್ಣು ಹಾಕಿದ ಹಳೆ ಮುಚ್ಚಿಗೆ ಇದ್ದರೆ ನೀವು ಪುಣ್ಯವಂತರು: ಏಪ್ರಿಲ್‌ನ ಕಾವನ್ನೂ ಜುಲೈಯ ಸದ್ದನ್ನೂ ಅದೇ ತಡೆಯುತ್ತದೆ. ಮುಚ್ಚಿಗೆ ಇಲ್ಲದ ಕೋಣೆಗೆ ಬರಿ ಶೀಟು ಹೊದಿಸಿದರೆ ಜಡಿಮಳೆಯ ರಾತ್ರಿ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತದೆ, ಶೀಟಿನಲ್ಲಿ ದಾರಿಯಿಲ್ಲ. ಹಾಗಾಗಿ ಎರಡೂ ತ್ರಿಕೋನ ಗೋಡೆಗಳಲ್ಲಿ ಜಾಲರಿ ಕಿಟಕಿ ಬಿಡಿಸಿ, ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿಸಿ. ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಸೌದೆ ಒಲೆ ಉರಿಯುವ ಅಡುಗೆಮನೆ, ಬಚ್ಚಲು, ಅಡಿಕೆ ಬೇಯಿಸುವ ಜಾಗ, ಇವುಗಳ ಮೇಲೆ ಹೆಂಚು ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ. ತಣ್ಣನೆಯ ಶೀಟಿಗೆ ಹಬೆ ತಾಗಿ ನೀರಾಗುತ್ತದೆ, ಮಸಿ ಬೆರೆತು ಕಂದು ಹನಿಯಾಗಿ ಪಾತ್ರೆಗೆ ಬೀಳುತ್ತದೆ, ಶೀಟು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಾಕಲೇಬೇಕು ಅಂದರೆ ಹೊಗೆ ಕೊಳವೆ ಕಡ್ಡಾಯ.

ನಮ್ಮ ಕಡೆಗೇ ಸೇರಿದ ಇನ್ನೊಂದು ವಿಷಯ ಬೋರ್ಡೋ ದ್ರಾವಣ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಈ ಮೈಲುತುತ್ತ, ಸುಣ್ಣದ ದ್ರಾವಣದಲ್ಲಿ ತಾಮ್ರವಿದೆ, ಅದು ಶೀಟಿನ ಸತುವಿನ ಲೇಪವನ್ನು ತಿನ್ನುತ್ತದೆ. ತೋಟ ಮನೆಗೆ ಅಂಟಿಕೊಂಡಿದ್ದು ಔಷಧಿ ಚಾವಣಿಗೆ ಸಿಡಿಯುತ್ತದೆ ಎಂದಾದರೆ ಬಣ್ಣದ ಲೇಪವಿರುವ ಶೀಟನ್ನೇ ತೆಗೆದುಕೊಳ್ಳಿ, ಸಿಡಿದದ್ದನ್ನು ಅಂದೇ ತೊಳೆಯಿರಿ.

ಅಂಗಡಿಯಲ್ಲಿ 0.50 ಮಿಲಿಮೀಟರ್ ಅಂದರೆ ಬಣ್ಣ, ಲೇಪ ಸೇರಿದ ದಪ್ಪವೋ ಬರಿ ಉಕ್ಕಿನದೋ ಕೇಳಿ. ಗ್ಯಾಲ್ವಲೂಮ್ (ಅಲ್ಯೂಮಿನಿಯಂ, ಸತು ಬೆರೆತ ಲೇಪದ ಉಕ್ಕು) ಆದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪ ಇದೆಯೇ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಐದಡಿಗೆ ಒಂದಡಿಯಷ್ಟಾದರೂ ಇಳಿಜಾರು ಇರಲಿ. ಸೂರು ಎರಡೂವರೆ ಅಡಿ ಹೊರಗೆ ಚಾಚಲಿ, ಮಣ್ಣಿನ ಗೋಡೆಯಾದರೆ ಇನ್ನೂ ಹೆಚ್ಚು. ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ 140 ಚದರ ಮೀಟರಿನ ಚಾವಣಿಯಿಂದ 14,000 ಲೀಟರ್ ನೀರು ಇಳಿಯುತ್ತದೆ. ಆಗುಂಬೆ, ಹುಲಿಕಲ್ ಕಡೆ ಇದು ವಿಶೇಷವೇನಲ್ಲ. ಸೂರಿನ ನೀರು ಹಿಡಿಯುವ ಸಣ್ಣ ದೋಣಿಪೈಪು ಅದಕ್ಕೆ ಸಾಲದು.

ಮಳೆ ಕುಡಿದ ಹೆಂಚು ಚದರ ಮೀಟರಿಗೆ ಸುಮಾರು 40 ಕೆಜಿ ತೂಗುತ್ತದೆ, ಶೀಟು ಐದು ಕೆಜಿಯೂ ಇಲ್ಲ. ಹೆಂಚು ತನ್ನ ಭಾರಕ್ಕೇ ಕೂರುತ್ತದೆ, ಶೀಟನ್ನು ಗಾಳಿ ಎತ್ತುತ್ತದೆ. ಫ್ರೇಮನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸಿದ್ದಾರಾ ನೋಡಿ, ಅಂಚಿನ ಸಾಲಿನಲ್ಲಿ ಸ್ಕ್ರೂ ಒತ್ತಾಗಿರಲಿ. ಸೋರಿಕೆ ಬಹುಪಾಲು ಸ್ಕ್ರೂವಿನಲ್ಲೇ ಶುರು. ಏಣಿ ಹತ್ತಿ ಒಂದನ್ನಾದರೂ ಹತ್ತಿರದಿಂದ ನೋಡಿ: ತಲೆಯ ಕೆಳಗಿನ ಕಪ್ಪು ರಬ್ಬರ್ ವಾಷರ್ ಸುತ್ತಲೂ ಸಮನಾಗಿ ಕೂದಲೆಳೆಯಷ್ಟು ಹೊರಗೆ ಕಾಣಬೇಕು. ಚಪ್ಪಟೆಯಾಗಿ ಬಿರಿದಿದ್ದರೆ ಅತಿಯಾಗಿ ಬಿಗಿದಿದ್ದಾರೆ, ಎರಡೇ ಮಳೆಗಾಲದಲ್ಲಿ ಅಲ್ಲಿ ನೀರು ಇಳಿಯುತ್ತದೆ. ಶೀಟು ಕತ್ತರಿಸಲು ಕಟಿಂಗ್ ಗ್ರೈಂಡರ್ ಹಿಡಿಯಲು ಬಿಡಬೇಡಿ. ಕಿಡಿ ಬಿದ್ದ ಕಡೆಯೆಲ್ಲ ಲೇಪ ಸುಟ್ಟು ತುಕ್ಕಿನ ಚುಕ್ಕೆ ಏಳುತ್ತದೆ. ಕೈಕತ್ತರಿ ಸಾಕು, ಸಂಜೆ ಕಬ್ಬಿಣದ ಚೂರುಗಳನ್ನೆಲ್ಲ ಗುಡಿಸಿಸಿ.

ಕೊನೆಗೆ ಕರೆಂಟು. ಕಂಬದಿಂದ ಬರುವ ಸರ್ವಿಸ್ ವೈರು ಶೀಟಿಗಾಗಲಿ ಫ್ರೇಮಿಗಾಗಲಿ ತಾಗಬಾರದು. ವೈರಿನ ಸಿಪ್ಪೆ ಉಜ್ಜಿ ಹರಿದರೆ ಇಡೀ ಚಾವಣಿಯೇ ಶಾಕ್ ಹೊಡೆಯುತ್ತದೆ. ಲೈನ್‌ಮನ್ ಕರೆಸಿ ವೈರನ್ನು ದೂರ ಸರಿಸಿ, ಫ್ರೇಮಿಗೆ ಅರ್ಥಿಂಗ್ ಕೊಡಿಸಿದ ಮೇಲೆಯೇ ಫಿಟ್ಟರ್‌ಗೆ ಕೊನೆಯ ಕಂತು ಕೊಡಿ.