ಊರಲ್ಲಿ ಸೈಟು ಇದೆಯಾ ಅಂತ ಕೇಳಿದರೆ ಮುಚ್ಚಿಡಬೇಡಿ

ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಹೊಸದಾಗಿ ಬಂದವರಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಮನೆ ತಗೊಳ್ಳೋಕೆ ಇಲ್ಲಿ ಕೌಂಟಿಯವರೇ ದುಡ್ಡು ಕೊಡ್ತಾರಂತೆ ಕಣ್ರೀ.’ ಕೊಡುತ್ತಾರೆ, ಸುಳ್ಳಲ್ಲ. ಆದರೆ ಹಾಗೆ ಹೇಳುವವರಲ್ಲಿ ಹೆಚ್ಚಿನವರು ಅದರ ಫಾರಂ ಕಣ್ಣಲ್ಲೂ ನೋಡಿರುವುದಿಲ್ಲ.

2016ರ ನವೆಂಬರಿನಲ್ಲಿ ಇಲ್ಲಿನ ಮತದಾರರು ಮೆಷರ್ ಎ ಎಂಬ 950 ಮಿಲಿಯನ್ ಡಾಲರ್ ಬಾಂಡಿಗೆ, ಅಂದರೆ ಕೌಂಟಿ ಎತ್ತುವ ಸಾಲಕ್ಕೆ, ಒಪ್ಪಿಗೆ ಕೊಟ್ಟರು. ತೀರಿಸುವುದು ಆಸ್ತಿ ತೆರಿಗೆಯಿಂದ. ಅದರಲ್ಲಿ 700 ಮಿಲಿಯನ್ ತೀರಾ ಕಡಿಮೆ ವರಮಾನದವರ ಮನೆಗಳಿಗೆ. ಮೊದಲ ಸಲ ಮನೆ ಕೊಳ್ಳುವವರ ಪಾಲು ಅದಕ್ಕಿಂತ ತುಂಬಾ ಕಡಿಮೆ. ನಿಧಿ ಇದ್ದಾಗ ಬಾಗಿಲು ತೆರೆಯುತ್ತದೆ, ಖಾಲಿಯಾದರೆ ಮುಚ್ಚುತ್ತದೆ. ವರಮಾನದ ಮಿತಿ, ಮನೆ ಕೊಳ್ಳುವವರ ತರಬೇತಿ, ಬ್ಯಾಂಕ್ ಸ್ಟೇಟ್‌ಮೆಂಟು, ಇವೆಲ್ಲ ಇದ್ದದ್ದೇ. ಅದರಲ್ಲಿ ಕಷ್ಟವೇನೂ ಇಲ್ಲ.

ಕಷ್ಟ ಇರುವುದು ನಮ್ಮ ತಲೆಯಲ್ಲಿ. ಇದು ದಾನವಲ್ಲ, ಸಾಲ. ತಿಂಗಳ ಕಂತಿಲ್ಲ ಅಂದ ಕೂಡಲೇ ನಮ್ಮವರು ಬಿಟ್ಟಿ ಅಂದುಕೊಳ್ಳುತ್ತಾರೆ. ಎಂಟು ಲಕ್ಷ ಡಾಲರಿನ ಮನೆಗೆ ಕೌಂಟಿ ಒಂದು ಲಕ್ಷ ಇಪ್ಪತ್ತು ಸಾವಿರ ಕೊಟ್ಟಿತು ಅನ್ನಿ, ಅಂದರೆ ನೂರಕ್ಕೆ ಹದಿನೈದು. ಮುಂದೆ ಅದನ್ನು ಹತ್ತು ಲಕ್ಷಕ್ಕೆ ಮಾರಿದರೆ ಆ ಅಸಲೂ ಕೌಂಟಿಗೆ ಹೋಗುತ್ತದೆ, ಏರಿದ ಎರಡು ಲಕ್ಷದಲ್ಲಿ ನೂರಕ್ಕೆ ಹದಿನೈದು ಪಾಲು, ಅಂದರೆ ಮೂವತ್ತು ಸಾವಿರವೂ ಹೋಗುತ್ತದೆ. ಅನ್ಯಾಯ ಅಂತ ಕೂಗಾಡುವವರನ್ನು ನೋಡಿದ್ದೇನೆ. ಊರಲ್ಲಿ ಭಾವಮೈದುನ ಸೈಟಿಗೆ ಅರ್ಧ ದುಡ್ಡು ಹಾಕಿದ್ದರೆ ಲಾಭದಲ್ಲಿ ಅರ್ಧ ಕೇಳುತ್ತಿರಲಿಲ್ಲವೇ?

ಇದೇ ಕೌಂಟಿಯ ಸನಿವೇಲ್‌ನಂಥ ನಗರಗಳ ‘ಬಿಎಂಆರ್’ (ಬಿಲೋ ಮಾರ್ಕೆಟ್ ರೇಟ್) ಮನೆಗಳದು ಇನ್ನೂ ಬಿಗಿ. ಪೇಟೆ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ, ಮಾರುವಾಗಲೂ ನಗರ ಕಟ್ಟಿದ ಬೆಲೆಗೇ ಮಾರಬೇಕು. ನೀವೇ ವಾಸವಿರಬೇಕು. ಒಂದು ರೂಮು ಬಾಡಿಗೆಗೆ ಕೊಟ್ಟು ಕಂತು ಕಟ್ಟೋಣ, ಆಮೇಲೆ ದೊಡ್ಡ ಮನೆಗೆ ಹೋಗಿ ಇದನ್ನು ಬಾಡಿಗೆಗೆ ಬಿಡೋಣ ಎಂಬ ಬಸವನಗುಡಿ ಲೆಕ್ಕ ಇಲ್ಲಿ ನಡೆಯದು. ಮನೆಯೆಂದರೆ ನಮಗೆ ಮಗಳ ಮದುವೆ, ಮಗನ ಓದು, ಮುಪ್ಪಿನ ಪಿಂಚಣಿ ಎಲ್ಲವೂ. ಇವರು ಕೊಡುವುದು ಇರುವುದಕ್ಕೆ ಸೂರು, ಅಷ್ಟೇ.

ಇನ್ನು ಸೈಟಿನ ಮಾತು. ಮೂರು ವರ್ಷದಿಂದ ಸ್ವಂತ ಮನೆ ಇರಲಿಲ್ಲವೇ ಅಂತ ಕೇಳುತ್ತಾರೆ, ಆಸ್ತಿ ವಿವರವನ್ನೂ ಕೇಳುತ್ತಾರೆ. ‘ಇಂಡಿಯಾದ್ದು ಇವರಿಗೇನು ಗೊತ್ತಾಗುತ್ತೆ’ ಎಂಬ ಸಲಹೆ ಕೊಡುವವರ ಹತ್ತಿರ ಕೂರಲೇಬೇಡಿ. ನಮ್ಮ ಪರಿಚಯದವರೊಬ್ಬರು ಜಯನಗರದ ಮನೆಯನ್ನು ಫಾರಂನಲ್ಲಿ ಬಿಟ್ಟರು. ಅದೇ ಮನೆಯ ಬಾಡಿಗೆ ಅವರ ಟ್ಯಾಕ್ಸ್ ರಿಟರ್ನಿನ ಶೆಡ್ಯೂಲ್ ಇ ಹಾಳೆಯಲ್ಲಿ ವಿಳಾಸ ಸಮೇತ ಕೂತಿತ್ತು. ಅಧಿಕಾರಿ ಬೈಯಲಿಲ್ಲ, ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ಅವರ ಕಡೆ ತಿರುಗಿಸಿದರು. ಅರ್ಜಿ ಅಲ್ಲಿಗೆ ಮುಗಿಯಿತು. ಖಾಲಿ ಸೈಟಾದರೂ ಬರೆಯಿರಿ. ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅವರೇ ಹೇಳಲಿ.

ಅಪ್ಪ ಮೈಸೂರಿನ ಸೈಟು ಮಾರಿ ಹಣ ಕಳಿಸುತ್ತೇನೆ ಅಂದರೆ, ಆರ್‌ಬಿಐ ಮಿತಿಯಲ್ಲಿ ಒಬ್ಬರು ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕಳಿಸಬಹುದು, ಉಡುಗೊರೆ ಪತ್ರವೂ ಬೇಕು. ಕಾಗದ ಸುಲಭ. ಆದರೆ ಆ ಸೈಟು ಹೋದಮೇಲೆ ‘ವಾಪಸ್ ಹೋಗ್ತೀವಿ’ ಅಂತ ಹೇಳುವ ಬಾಯಿಯೂ ಹೋಗುತ್ತದೆ, ಅದನ್ನು ಯೋಚಿಸಿ. ಮಕ್ಕಳಿಗೆ ಇದು ತಲೆಗೇ ಹೋಗುವುದಿಲ್ಲ. ಅವರಿಗೆ ಮನೆಯೆಂದರೆ ಶಾಲೆಗೆ ನಡೆದು ಹೋಗುವಷ್ಟು ಹತ್ತಿರದ ಈ ಅಪಾರ್ಟ್‌ಮೆಂಟೇ.

ಸಾರ್ವಜನಿಕ ಹಣ ಇನ್ನೊಂದು ದಾರಿಯಲ್ಲೂ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ 2014ರಿಂದ ‘ಸ್ಮಾಲ್ ಸೈಟ್ಸ್’ ಯೋಜನೆಯಲ್ಲಿ ಲಾಭಕ್ಕಲ್ಲದ ಸಂಸ್ಥೆಗಳಿಗೆ ಹಣ ಕೊಟ್ಟು, ಬಾಡಿಗೆದಾರರಿರುವ ಸಣ್ಣ ಕಟ್ಟಡಗಳನ್ನೇ ಕೊಳ್ಳಿಸುತ್ತಿದೆ. ಅಂಥ ಕಟ್ಟಡಗಳು ಮಾರಾಟಕ್ಕೆ ಬಂದಾಗ ಮೊದಲು ಕೇಳುವ ಹಕ್ಕನ್ನು 2019ರ ಕಾನೂನು ಈ ಸಂಸ್ಥೆಗಳಿಗೆ ಕೊಟ್ಟಿದೆ. ಅಲ್ಲಿ ಬಾಡಿಗೆಗಿದ್ದು, ಕಟ್ಟಡ ಇಂಥವರ ಪಾಲಾಯಿತು ಅಂತ ನೋಟಿಸು ಬಂದರೆ ಹೆದರಿ ಪೆಟ್ಟಿಗೆ ಕಟ್ಟಬೇಡಿ. ಇದ್ದವರನ್ನು ಇದ್ದಲ್ಲೇ ಉಳಿಸುವುದೇ ಇದರ ಉದ್ದೇಶ.

ಪ್ರತಿ ಯುಗಾದಿಗೂ ಇದೇ ದೂರು ಕೇಳುತ್ತೇನೆ: ‘ಯಾರಿಗೋ ಮನೆ ಮಾಡಿಕೊಡೋಕೆ ನಮ್ಮ ತೆರಿಗೆ.’ ಹೋಳಿಗೆ ಬಡಿಸುತ್ತಿದ್ದ ಅಡುಗೆಯವರು ಒಂದೇ ರೂಮಿನಲ್ಲಿ ಮೂರು ಜನ ಮಲಗುತ್ತಾರೆ. ಅವರಿಗೆ ಬೇಕಾದ ಫಾರಂ ಇಂಗ್ಲಿಷಿನಲ್ಲಿದೆ. ದೂರುವ ಬದಲು ಒಂದು ಶನಿವಾರ ಪಕ್ಕದಲ್ಲಿ ಕೂತು ತುಂಬಿಸಿಕೊಡಿ. ಅವರ ಊರಿನ ಮನೆಯನ್ನೂ ಬಿಡದೆ ಬರೆಸಿ.