ನೋಟಿಸ್ ಪೇ ಲೆಕ್ಕ ಹಾಕಿ ವಸೂಲು ಮಾಡಿದ ಬಗೆ: ನನ್ನ ಅನುಭವ

ನೋಟಿಸ್ ಪೇ, ಅಂದರೆ ಮುಂಚಿತವಾಗಿ ನೋಟಿಸು ಕೊಡದೆ ಕೆಲಸದಿಂದ ತೆಗೆದಾಗ ಅದರ ಬದಲಿಗೆ ಸಲ್ಲುವ ವೇತನ, ನಮ್ಮಂಥವರ ಕೈಗೆ ಬರುವುದಿಲ್ಲವೆಂದು 2019ರಲ್ಲಿ ಖಡಾಖಂಡಿತವಾಗಿ ಹೇಳಿದವರೇ ಈಗ ನನ್ನ ಲೆಕ್ಕದ ಹಾಳೆಯ ಜೆರಾಕ್ಸ್ ಕೇಳಿಕೊಂಡು ಬರುತ್ತಿರುವುದರಿಂದ, ಅದನ್ನು ಒಮ್ಮೆ ಕ್ರಮವಾಗಿ ಬರೆದಿಡುವುದು ಒಳ್ಳೆಯದೆನಿಸಿತು. ಟೈಮ್ ಆಫೀಸಿನಲ್ಲೋ ಅಕೌಂಟ್ಸ್ ವಿಭಾಗದಲ್ಲೋ ಕೆಲಸ ಮಾಡಿದವರಿಗೆ 25ಎಫ್ ಕಲಂ ಏನೆಂದು ನಾನು ವಿವರಿಸಬೇಕಾಗಿಲ್ಲ; ಉಳಿದವರಿಗೆ ಹೇಳುವುದಾದರೆ, ಹೆಚ್ಚುವರಿಯೆಂದು ಕೆಲಸದಿಂದ ತೆಗೆದವರಿಗೆ ಒಂದು ತಿಂಗಳ ನೋಟಿಸು ಅಥವಾ ಅದರ ವೇತನ, ಜೊತೆಗೆ ಸೇವೆಯ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನದ ಪರಿಹಾರ ಕೊಡಬೇಕೆಂದಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಲಂ ಅದು. ಅದರ ಲೆಕ್ಕ ಎಲ್ಲಿ ಕೆಡುತ್ತದೆ, ಹಣ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಪೇ ಸ್ಲಿಪ್ಪಿನ ಅಂಕಿಗಳು ನನ್ನ ಬಳಿ ಇವೆ; ಉಳಿದವು ನೆನಪಿನಿಂದ ಬರೆದವು, ನೂರಿನ್ನೂರು ಆಚೀಚೆ ಇದ್ದೀತು.

ದಾವಣಗೆರೆಯ ಹೊರವಲಯದ ನೂಲಿನ ಗಿರಣಿಯೊಂದರಲ್ಲಿ 2007ರ ನವೆಂಬರಿನಿಂದ ನಾನು ಹಾಜರಿ ಬರೆಯುತ್ತಿದ್ದೆ. 2019ರ ಜೂನ್ ಮಧ್ಯದ ಒಂದು ಶನಿವಾರ ಸಂಜೆ ನಮ್ಮಲ್ಲಿ ಸುಮಾರು ಹದಿನೈದು ಜನರಿಗೆ ಒಂದೇ ಒಕ್ಕಣೆಯ ಪತ್ರ ಬಂತು. ನಿಮ್ಮನ್ನು ಹೆಚ್ಚುವರಿ ಸಿಬ್ಬಂದಿಯೆಂದು ಗುರುತಿಸಲಾಗಿದೆ, ಇಂದಿನಿಂದಲೇ ಸೇವೆ ಮುಕ್ತಾಯವಾಗಿದೆ, ಬಾಕಿ ಹಣವನ್ನು ಮುಂದಿನ ವಾರ ಕಚೇರಿಗೆ ಬಂದು ಪಡೆಯತಕ್ಕದ್ದು ಎಂದು ಅದರಲ್ಲಿತ್ತು. ಆಡಳಿತದವರ ಲೆಕ್ಕದಲ್ಲಿ ನನಗೆ ಬರಬೇಕಾದದ್ದು ಅರವತ್ತೊಂದು ಅರವತ್ತೆರಡು ಸಾವಿರ. ನೋಟಿಸ್ ಪೇ, ಪರಿಹಾರ, ಗ್ರಾಚ್ಯುಟಿ ಮೂರಕ್ಕೂ ಅವರು ಮೂಲ ವೇತನವಾದ 4,800 ರೂಪಾಯಿಯನ್ನೇ ಹಿಡಿದಿದ್ದರು. ಹನ್ನೊಂದು ವರ್ಷ ಏಳು ತಿಂಗಳ ಸೇವೆಯನ್ನು ಹನ್ನೊಂದಕ್ಕೆ ಮೊಟಕುಗೊಳಿಸಿದ್ದರು. ಆರು ತಿಂಗಳು ಮೀರಿದರೆ ಅದು ಪೂರ್ತಿ ವರ್ಷವಾಗುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ.

ಮೊದಲ ಸೋಲು ನಮ್ಮವರಿಂದಲೇ ಆಯಿತು. ಯೂನಿಯನ್ನಿನ ಹಿರಿಯರೊಬ್ಬರು ಮೂರು ತಿಂಗಳ ನೋಟಿಸಿನ ವೇತನ ಕೇಳಬೇಕೆಂದು ಹಟ ಹಿಡಿದರು. ಆ ನಿಯಮ ಅಂದಿನ ಕಾಯ್ದೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳಿಗೆ ಮಾತ್ರ. ನಮ್ಮಲ್ಲಿ ಬದಲಿ ಕಾರ್ಮಿಕರನ್ನೂ ಸೇರಿಸಿದರೆ ಎಂಬತ್ತರ ಆಸುಪಾಸು. ಇದನ್ನು ಹೇಳಿದಾಗ ಅವರು, “ನೋಡು ತಮ್ಮಾ, ದೊಡ್ಡದು ಕೇಳಿದ್ರೆ ಸಣ್ಣದಾದ್ರೂ ಸಿಗ್ತತಿ, ನೋಟಿಸ್ ಪೇ ಅನ್ನೋದು ಆಫೀಸರ್‌ಗಳಿಗೆ ಅಷ್ಟೇ” ಎಂದು ನನ್ನ ಬಾಯಿ ಮುಚ್ಚಿಸಿದರು. ಸಲ್ಲದ್ದನ್ನು ಕೇಳಿದ್ದರಿಂದ ಸಲ್ಲಬೇಕಾದದ್ದನ್ನೂ ಆಡಳಿತದವರು ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊಟ್ಟಷ್ಟನ್ನು ಪಡೆದು, ಇನ್ನೇನೂ ಬಾಕಿ ಇಲ್ಲವೆಂಬ ರಸೀದಿಗೆ ಸಹಿ ಹಾಕಿದರು. ಮಕ್ಕಳ ಶಾಲೆಯ ಫೀಜು ಕಟ್ಟುವ ಸಮಯವಾದ್ದರಿಂದ ಅವರನ್ನು ದೂರುವುದು ನ್ಯಾಯವಲ್ಲ. ಒಬ್ಬ ವಕೀಲರು ಬಂದ ಹಣದಲ್ಲಿ ಕಾಲು ಭಾಗ ಕೇಳಿದರು. ಅವರಿಗೆ ಕೈಮುಗಿದು ಎದ್ದು ಬಂದೆ.

ಆಮೇಲೆ ನಾನು ಮಾಡಿದ ಕೆಲಸ ಇಷ್ಟೇ: ಮೂರು ಬಾಬ್ತುಗಳನ್ನು ಒಂದೇ ಹಾಳೆಯಲ್ಲಿ ಮೂರು ಕಾಲಂ ಮಾಡಿ, ಪ್ರತಿಯೊಂದಕ್ಕೂ ಅದರದೇ ಆಧಾರ ವೇತನವನ್ನು ಬರೆದೆ. ಹೆಚ್ಚಿನವರ ಲೆಕ್ಕ ಕೆಡುವುದು ಇಲ್ಲಿಯೇ. ನೋಟಿಸ್ ಪೇ ಎಂದರೆ ನೋಟಿಸಿನ ಅವಧಿಗೆ ಸಲ್ಲುತ್ತಿದ್ದ ವೇತನವೇ ಹೊರತು ಸರಾಸರಿಯಲ್ಲ; ಆದ್ದರಿಂದ ಅದಕ್ಕೆ ಅಂದಿನ ದರದ ಪೂರ್ತಿ ತಿಂಗಳ ವೇತನ ಹಿಡಿಯಬೇಕು. ಪರಿಹಾರಕ್ಕೆ ಮಾತ್ರ ಸರಾಸರಿ, ಅದೂ ತಿಂಗಳ ಸಂಬಳದವರಿಗೆ ಹಿಂದಿನ ಮೂರು ಪೂರ್ಣ ತಿಂಗಳುಗಳದು. ಏಪ್ರಿಲಿನಲ್ಲಿ ತುಟ್ಟಿಭತ್ಯೆ ಏರುವುದರಿಂದ ಜೂನಿನಲ್ಲಿ ತೆಗೆದವರ ಸರಾಸರಿಯೊಳಗೆ ಮಾರ್ಚಿನ ಹಳೆಯ ದರ ನುಸುಳಿಕೊಳ್ಳುತ್ತದೆ. ಅದನ್ನು ನೋಟಿಸ್ ಪೇಗೂ ಹಚ್ಚುವ ಅಕೌಂಟೆಂಟರನ್ನು ನಾನು ಅನಂತರವೂ ಕಂಡಿದ್ದೇನೆ.

ನನ್ನ ಮೇ ತಿಂಗಳ ವೇತನದಲ್ಲಿ ಮೂಲ 4,800, ತುಟ್ಟಿಭತ್ಯೆ 6,900, ಮನೆ ಬಾಡಿಗೆ ಭತ್ಯೆ 1,000, ವಿಶೇಷ ಭತ್ಯೆ 500, ಒಟ್ಟು 13,200 ರೂಪಾಯಿ ಇತ್ತು. 1947ರ ಕಾಯ್ದೆಯ ವೇತನದ ವ್ಯಾಖ್ಯೆಯಲ್ಲಿ ಕಾರ್ಮಿಕನಿಗೆ ಸಲ್ಲುವ ಭತ್ಯೆಗಳು ಸೇರಿದ್ದವು. ಬೋನಸ್, ಮಾಲೀಕರ ಪಿಎಫ್ ವಂತಿಗೆ, ಗ್ರಾಚ್ಯುಟಿ ಹೊರಗಿದ್ದವು. ಹಾಗಾಗಿ ನೋಟಿಸ್ ಪೇ 13,200. ಮಾರ್ಚಿನ ವೇತನ ಸುಮಾರು 12,800 ಇದ್ದುದರಿಂದ ಸರಾಸರಿ 13,067. ಅದರ ಅರ್ಧವನ್ನು ಹನ್ನೆರಡು ವರ್ಷಕ್ಕೆ ಗುಣಿಸಿದರೆ ಪರಿಹಾರ 78,400. ಗ್ರಾಚ್ಯುಟಿಗೆ ಆಗ ಮೂಲ ಮತ್ತು ತುಟ್ಟಿಭತ್ಯೆ ಎರಡೇ, ಅಂದರೆ 11,700. ಅದನ್ನು ತಿಂಗಳ ಕೆಲಸದ ದಿನಗಳೆಂದು ಹಿಡಿಯುವ 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ 12 ವರ್ಷಕ್ಕೆ ಗುಣಿಸಿದರೆ 81,000. ಈ 26ರ ಭಾಜಕವನ್ನು ಪರಿಹಾರದ ಕಾಲಂಗೂ ತಂದು ಹೆಚ್ಚು ಕೇಳಿದವರಿದ್ದಾರೆ. ಅದು ಗ್ರಾಚ್ಯುಟಿ ಕಾಯ್ದೆಯ ಸೊತ್ತು, ಪರಿಹಾರದಲ್ಲಿ ನಿಲ್ಲುವುದಿಲ್ಲ. ಎದುರಿನವರು ಅದೊಂದನ್ನು ಹಿಡಿದು ಇಡೀ ಹಾಳೆಯನ್ನೇ ಅಲ್ಲಗಳೆಯುತ್ತಾರೆ. ಮೂರೂ ಸೇರಿ ನನ್ನ ಬೇಡಿಕೆ 1,72,600 ಆಯಿತು. ರಜೆ ಸಂಬಳದ ಸಣ್ಣ ಮೊತ್ತ ಬೇರೆ.

ಹಾಳೆಯನ್ನು ಮ್ಯಾನೇಜರ್ ಮುಟ್ಟಲಿಲ್ಲ. ನೋಂದಾಯಿತ ಅಂಚೆಯಲ್ಲಿ ಕಳುಹಿಸಿದರೆ ಸ್ವೀಕೃತಿ ಬಂತೇ ಹೊರತು ಉತ್ತರ ಬರಲಿಲ್ಲ. ಕಾರ್ಮಿಕ ಅಧಿಕಾರಿಗಳ ಮುಂದೆ ರಾಜಿ ಸಂಧಾನಕ್ಕೆ ಅರ್ಜಿ ಹಾಕಿದ ಮೇಲೂ ಕೆಲವು ವಾಯಿದೆಗಳಿಗೆ ಆಡಳಿತದವರು ಬರಲೇ ಇಲ್ಲ. ಬಂದ ದಿನ ಅವರ ಸಲಹೆಗಾರರು ಎರಡು ವಾದ ಮುಂದಿಟ್ಟರು. ನನ್ನ ಹುದ್ದೆಯ ಹೆಸರಿನಲ್ಲಿ ಸೂಪರ್‌ವೈಸರ್ ಎಂದಿದೆ, ವೇತನ ಹತ್ತು ಸಾವಿರ ದಾಟಿದೆ, ಆದ್ದರಿಂದ ಕಾಯ್ದೆಯ ಪ್ರಕಾರ ನಾನು ಕಾರ್ಮಿಕನೇ ಅಲ್ಲ ಎಂಬುದು ಮೊದಲನೆಯದು. ಹೆಸರು ಏನೇ ಇರಲಿ, ಮಾಡುವ ಕೆಲಸ ಮುಖ್ಯ. ನನ್ನದೇ ಅಕ್ಷರದಲ್ಲಿದ್ದ ಹಾಜರಿಯ ಪುಟಗಳು ಅದಕ್ಕೆ ಉತ್ತರ ಕೊಟ್ಟವು. ಆ ಪುಟಗಳ ಪ್ರತಿ ನನ್ನ ಬಳಿಗೆ ಹೇಗೆ ಬಂತೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೂ ಅಲ್ಲಿ ಕೆಲಸ ಮಾಡುತ್ತಿರುವವರಿದ್ದಾರೆ.

ಎರಡನೆಯ ವಾದ, ಭತ್ಯೆಗಳು ವೇತನವಲ್ಲ, ಅವು ಕಂಪನಿಯ ಔದಾರ್ಯ ಎಂಬುದು. ಆಗ ನಾನು ಮೇ ತಿಂಗಳ ಪೇ ಸ್ಲಿಪ್ಪನ್ನು ಮೇಜಿನ ಮೇಲಿಟ್ಟು ಕಡಿತದ ಸಾಲುಗಳ ಮೇಲೆ ಬೆರಳಿಟ್ಟೆ. ಇಎಸ್ಐ, ಅಂದರೆ ಕಾರ್ಮಿಕರ ವಿಮೆಯ ಕಡಿತ 231 ರೂಪಾಯಿ. ಜುಲೈನಲ್ಲಿ ದರ ಇಳಿಯುವ ಮೊದಲು ಕಾರ್ಮಿಕನ ಪಾಲು ಶೇಕಡಾ 1.75 ಇತ್ತು, 231 ರೂಪಾಯಿ ಕಡಿತವಾಗಬೇಕಾದರೆ ವೇತನ 13,200 ಇರಲೇಬೇಕು. ಪಿಎಫ್ ಕಡಿತ 1,404. ಶೇಕಡಾ 12ರಂತೆ ಹಿಂದಕ್ಕೆ ಲೆಕ್ಕ ಹಾಕಿದರೆ 11,700. ಕಂಪನಿಯೇ ಒಂದು ಇಲಾಖೆಗೆ 13,200, ಇನ್ನೊಂದಕ್ಕೆ 11,700 ಎಂದು ಬರೆದುಕೊಟ್ಟಿರುವಾಗ ಮೂರನೆಯ ಕಡೆ 4,800 ಎನ್ನುವುದು ಹೇಗೆ ಎಂದು ಕೇಳಿದೆ. ಸಲಹೆಗಾರರು ಕನ್ನಡಕ ತೆಗೆದು ಸ್ಲಿಪ್ಪನ್ನು ಹತ್ತಿರ ಹಿಡಿದು ನೋಡಿದರು, ಕ್ಯಾಲ್ಕುಲೇಟರ್ ಕೇಳಿದರು, ಆಮೇಲೆ ಮುಂದಿನ ವಾಯಿದೆ ಕೇಳಿದರು. ಈ ಹಿಂದುಮುಂದಿನ ಲೆಕ್ಕ ಯಾವ ವಕೀಲರಿಗೂ ಹೊಳೆದಿರಲಿಲ್ಲವೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ತಾರೀಖು. ನೋಟಿಸ್ ಪೇ ಮತ್ತು ಪರಿಹಾರವನ್ನು ಕೆಲಸದಿಂದ ತೆಗೆಯುವ ಹೊತ್ತಿಗೇ ಕೊಡಬೇಕು. ಅದು ಪೂರ್ವ ಷರತ್ತು ಎಂದು ಸುಪ್ರೀಂ ಕೋರ್ಟ್ 1960ರಲ್ಲಿಯೇ ಹೇಳಿದೆ. ಶನಿವಾರ ತೆಗೆದು ಮುಂದಿನ ವಾರ ಬಂದು ಪಡೆಯಿರಿ ಎಂದು ಅವರೇ ಬರೆದುಕೊಟ್ಟ ಪತ್ರ ನನ್ನ ಕೈಯಲ್ಲಿತ್ತು. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು. ಅಲ್ಲಿ ಹೋದರೆ ವಜಾ ಆದೇಶವೇ ಬಿದ್ದುಹೋಗಿ ಹಿಂಬಾಕಿ ವೇತನದ ಪ್ರಶ್ನೆ ಏಳುತ್ತದೆಂಬುದು ಅವರಿಗೂ ಗೊತ್ತಿತ್ತು. ಅರ್ಜಿಯ ಕೊನೆಗೆ ನಾನು ಸೇರಿಸಿದ ಒಂದು ವಾಕ್ಯವೂ ಅವರನ್ನು ಕದಲಿಸಿತು; ಅದನ್ನು ಖುದ್ದಾಗಿ ಬಂದು ಕೇಳಿದವರಿಗೆ ಹೇಳುತ್ತೇನೆ.

ದೀಪಾವಳಿಯ ಹೊತ್ತಿಗೆ ರಾಜಿಯಾಯಿತು. ಎರಡು ಚೆಕ್ಕುಗಳಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಬಂತು, ನೋಟಿಸ್ ಪೇ ಪೂರ್ತಿ ಬಂತು. ಮರಳಿ ಕೆಲಸ ಕೇಳುವ ಹಕ್ಕನ್ನು ಬಿಟ್ಟುಕೊಟ್ಟೆ. ಜೆರಾಕ್ಸ್, ಅಂಚೆ, ಓಡಾಟ ಸೇರಿ ಮೂರು ಸಾವಿರದೊಳಗೆ ಖರ್ಚಾಗಿರಬೇಕು. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಮಾಡಿದ ಕೈಸಾಲಕ್ಕೆ ಕಟ್ಟಿದ ಬಡ್ಡಿ ಇದಕ್ಕಿಂತ ಹೆಚ್ಚು.

ಅದೇ ಹಾಳೆಯನ್ನು ಬೇರೆಯವರ ಮೇಲೂ ಪ್ರಯೋಗಿಸಿದೆ. ಹರಿಹರದ ಫೌಂಡ್ರಿಯ ದಿನಗೂಲಿಯವರೊಬ್ಬರಿಗೆ ಸರಾಸರಿಯನ್ನು ಹಿಂದಿನ ಹನ್ನೆರಡು ಪೂರ್ಣ ಕೆಲಸದ ದಿನಗಳಿಂದ ತೆಗೆಯಬೇಕಾಯಿತು. ವಾರದ ಸಂಬಳದವರಾಗಿದ್ದರೆ ನಾಲ್ಕು ವಾರ. ನಮ್ಮ ಗಿರಣಿಯ ಬದಲಿ ಕಾರ್ಮಿಕನೊಬ್ಬನಿಗೆ, ಈ ಹಣ ಸಿಗಲು ವರ್ಷದಲ್ಲಿ ಬೇಕಾದ 240 ದಿನದ ಕೆಲಸ ತುಂಬಿಲ್ಲವೆಂದಿದ್ದರು. ಸಂಬಳ ಕೊಟ್ಟ ವಾರದ ರಜೆಗಳನ್ನೂ ಹಬ್ಬದ ರಜೆಗಳನ್ನೂ ಸೇರಿಸಿದಾಗ ತುಂಬಿತು. ಈ ರಜೆಗಳನ್ನು ಎಣಿಸಬೇಕೆಂದು 1985ರ ಸುಪ್ರೀಂ ಕೋರ್ಟ್ ತೀರ್ಪಿದೆ. ಮಂಡಿಪೇಟೆಯ ಅಂಗಡಿಯೊಂದರ ಗುಮಾಸ್ತನಿಗೆ 1961ರ ಕರ್ನಾಟಕ ಅಂಗಡಿಗಳ ಕಾಯ್ದೆಯ 39ನೇ ಕಲಂ ಸಾಕಾಯಿತು; ಆರು ತಿಂಗಳ ಸೇವೆಯಿದ್ದರೆ ಅಲ್ಲಿಯೂ ಒಂದು ತಿಂಗಳ ನೋಟಿಸು ಅಥವಾ ಅದರ ವೇತನ ಸಲ್ಲಬೇಕು. ಅವರ ಮಾಲೀಕರು ಹಾಳೆ ನೋಡಿದ ಸಂಜೆಯೇ ನಗದು ಎಣಿಸಿಕೊಟ್ಟರು.

2025ರ ನವೆಂಬರ್ 21ರಿಂದ 1947ರ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಾಗಿರುವುದರಿಂದ ನನ್ನ ಕಾಲಂಗಳನ್ನು ತಿದ್ದಬೇಕಾಗಿದೆ. ಒಂದು ತಿಂಗಳ ನೋಟಿಸು, ವರ್ಷಕ್ಕೆ ಹದಿನೈದು ದಿನದ ಪರಿಹಾರ ಹಾಗೆಯೇ ಉಳಿದಿವೆ. ಕಾರ್ಮಿಕರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ ನೂರರಿಂದ ಮುನ್ನೂರು ಕಾರ್ಮಿಕರಿಗೆ ಏರಿದೆ. ವೇತನದ ವ್ಯಾಖ್ಯೆಯಿಂದ ಮನೆ ಬಾಡಿಗೆ ಭತ್ಯೆ ಹೊರಬಿದ್ದಿದೆ, ಆದರೆ ಹೀಗೆ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗ ಮತ್ತೆ ವೇತನಕ್ಕೆ ಸೇರುತ್ತದೆ. ನನ್ನ ಹಳೆಯ ಸ್ಲಿಪ್ಪಿಗೆ ಇದನ್ನು ಹಚ್ಚಿ ನೋಡಿದೆ: ಹೊರಗಿಡುವ ಭತ್ಯೆ ಅರ್ಧದ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ, ಮನೆ ಬಾಡಿಗೆ ಭತ್ಯೆಯ ಸಾವಿರ ಹೋಗಿ ನೋಟಿಸ್ ಪೇ 12,200ಕ್ಕೆ ಇಳಿಯುತ್ತದೆ. ವಿಶೇಷ ಭತ್ಯೆಯ 500ನ್ನೂ ಹೊರಗಿಡಬೇಕೆಂದು ಆಡಳಿತದವರು ವಾದಿಸುವುದು ಖಂಡಿತ. ಹೊರಗಿಡುವ ಪಟ್ಟಿಯಲ್ಲಿ ಆ ಹೆಸರೇ ಇಲ್ಲವಾದ್ದರಿಂದ ನಾನಾದರೆ ಬಿಟ್ಟುಕೊಡುವುದಿಲ್ಲ.