ಕಡಿಮೆ ಬೆಲೆಯ ಫುಲ್-ಫ್ರೇಮ್: ಆರ್8 ಕೊಳ್ಳುವ ಮುಂಚೆ ನಾನು ಹಾಕಿದ ಲೆಕ್ಕ

2023ರ ಫೆಬ್ರವರಿಯಲ್ಲಿ ಕ್ಯಾನನ್‌ನ ಫುಲ್-ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಆರ್8 ಘೋಷಣೆಯಾದಾಗ ನನ್ನ ಹತ್ತಿರ ಇದ್ದದ್ದು 80ಡಿ. 2016ರ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೇ ಬಗೆಯ ಕ್ಯಾಮೆರಾ), ಕ್ರಾಪ್ ಸೆನ್ಸರ್, ಅಂದರೆ ಫುಲ್-ಫ್ರೇಮ್‌ಗಿಂತ ಸಣ್ಣದು. ಜೊತೆಗೆ ಮೂರು ಲೆನ್ಸ್: 17-55 ಎಫ್ 2.8, 50 ಎಫ್ 1.8, 70-200 ಎಫ್ 4 (ಮೊದಲ ಅಂಕಿ ಮಿ.ಮೀ.ನಲ್ಲಿ ಫೋಕಲ್ ಲೆಂತ್, ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ; ಎಫ್ ಅಂಕಿ ಅಪರ್ಚರ್, ಅಂದರೆ ಲೆನ್ಸ್‌ನ ಬಾಯಿ, ಅಂಕಿ ಚಿಕ್ಕದಾದಷ್ಟು ಬೆಳಕು ಜಾಸ್ತಿ). ನಾನು ತೆಗೆಯುವುದು ಹೆಚ್ಚಾಗಿ ವೇದಿಕೆ ಕಾರ್ಯಕ್ರಮ, ಮನೆಯೊಳಗಿನ ಸಮಾರಂಭ, ಓಡಾಡುವ ಮಕ್ಕಳು. ಬೆಳಕು ಸಾಲದ ಜಾಗಗಳೇ ಜಾಸ್ತಿ. ಹಾಗಾಗಿ ಕ್ಯಾನನ್‌ನದ್ದೇ ದುಬಾರಿ ಕ್ಯಾಮೆರಾ ಆರ್6 ಮಾರ್ಕ್ 2ರಲ್ಲಿರುವ ಅದೇ 24.2 ಮೆಗಾಪಿಕ್ಸೆಲ್ ಸೆನ್ಸರ್ ಇನ್ನೂ ಅಗ್ಗದ ಬಾಡಿಯಲ್ಲಿ ಬರುತ್ತಿದೆ ಅಂದ ಕೂಡಲೇ ಕಿವಿ ನೆಟ್ಟಗಾಯಿತು.

ಬೆಲೆ ಇಳಿಸಬೇಕಾದರೆ ಏನನ್ನಾದರೂ ಕೈಬಿಡಲೇಬೇಕು ಅಲ್ವಾ? ಆರ್6 ಮಾರ್ಕ್ 2ರಲ್ಲಿ ಇದ್ದು ಆರ್8ರಲ್ಲಿ ಇಲ್ಲದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಬಾಡಿಯೊಳಗಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಇಲ್ಲ. ಎರಡನೇ ಕಾರ್ಡ್ ಸ್ಲಾಟ್ ಇಲ್ಲ. ಜಾಯ್‌ಸ್ಟಿಕ್ ಇಲ್ಲ, ಹಿಂಬದಿಯ ಚಕ್ರವೂ ಇಲ್ಲ. ಪೂರ್ತಿ ಮೆಕ್ಯಾನಿಕಲ್ ಶಟರ್ (ಸೆನ್ಸರ್ ಮೇಲೆ ಎಷ್ಟು ಹೊತ್ತು ಬೆಳಕು ಬೀಳಬೇಕು ಅಂತ ನಿರ್ಧರಿಸುವ ಪರದೆ) ಇಲ್ಲ. ವ್ಯೂಫೈಂಡರ್ 36.9 ಲಕ್ಷ ಚುಕ್ಕೆಯಿಂದ 23.6 ಲಕ್ಷಕ್ಕೆ ಇಳಿದಿದೆ. ಬ್ಯಾಟರಿ ಚಿಕ್ಕದು.

ಈ ಪಟ್ಟಿ ನೋಡಿ ಮೂಗು ಮುರಿದವರು ಬಹಳ ಜನ. ಆದರೆ ನನ್ನ ಮನೆಯಲ್ಲಿ ಆರ್6 ಮಾರ್ಕ್ 2 ಇರಲಿಲ್ಲ, 80ಡಿ ಇತ್ತು. ಅದರಲ್ಲೂ ಒಂದೇ ಕಾರ್ಡ್ ಸ್ಲಾಟ್. ಅದರ ಬಾಡಿಯಲ್ಲೂ ಸ್ಟೆಬಿಲೈಸೇಶನ್ ಇಲ್ಲ. ಇಲ್ಲದ್ದನ್ನು ಕಳೆದುಕೊಳ್ಳುವುದಾದರೂ ಹೇಗೆ? ನಿಜವಾಗಿ ಕೈತಪ್ಪುವುದು ಹಿಂಬದಿಯ ಚಕ್ರ, ಮೆಕ್ಯಾನಿಕಲ್ ಶಟರ್ ಮತ್ತು ಬ್ಯಾಟರಿ, ಈ ಮೂರೇ. ಮದುವೆಯಂಥ ಮತ್ತೆ ಸಿಗದ ಕ್ಷಣಗಳನ್ನು ದುಡ್ಡು ತೆಗೆದುಕೊಂಡು ಹಿಡಿಯುವವರ ಮಾತು ಬೇರೆ. ಅವರಿಗೆ ಎರಡನೇ ಸ್ಲಾಟ್ ಇಲ್ಲದ ಕ್ಯಾಮೆರಾ ಬೇಡ ಅಂತಲೇ ನಾನು ಹೇಳುತ್ತೇನೆ.

ಬಾಡಿಯ ಲೆಕ್ಕ ಇಷ್ಟಕ್ಕೆ ಮುಗಿಯಿತು. ನನ್ನನ್ನು ಜಾಸ್ತಿ ಕೂರಿಸಿಕೊಂಡಿದ್ದು ಲೆನ್ಸ್ ಲೆಕ್ಕ.

ಫುಲ್-ಫ್ರೇಮ್ ಸೆನ್ಸರ್ ಅಂದರೆ 36×24 ಮಿ.ಮೀ. 80ಡಿಯದ್ದು ಸುಮಾರು 22.5×15. ವಿಸ್ತೀರ್ಣದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ. ಅದೇ ನೋಟ, ಅದೇ ಅಪರ್ಚರ್, ಅದೇ ಶಟರ್ ವೇಗ ಇಟ್ಟುಕೊಂಡರೆ ದೊಡ್ಡ ಸೆನ್ಸರ್‌ಗೆ ಒಟ್ಟು ಬೆಳಕು ಎರಡೂವರೆ ಪಟ್ಟು ಬೀಳುತ್ತದೆ. ಅಂದರೆ ಒಂದು ಸ್ಟಾಪ್‌ಗಿಂತ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್) ತುಸು ಜಾಸ್ತಿ ಲಾಭ. ನಾಯ್ಸ್ (ಫೋಟೊದಲ್ಲಿ ಕಾಣುವ ಕಾಳು ಕಾಳು) ಕಡಿಮೆ ಆಗುವುದಕ್ಕೆ ಮುಖ್ಯ ಕಾರಣ ಇದೇ. ಆದರೆ "ಅದೇ ಅಪರ್ಚರ್" ಅನ್ನುವ ಷರತ್ತಿದೆಯಲ್ಲ, ಅಗ್ಗದ ಕ್ಯಾಮೆರಾ ಮುಗ್ಗರಿಸುವುದೇ ಅಲ್ಲಿ.

ಆರ್8 ಜೊತೆಗೇ ಒಂದು ಪುಟ್ಟ ಕಿಟ್ ಲೆನ್ಸ್ (ಬಾಡಿ ಜೊತೆ ಸೇರಿಸಿ ಮಾರುವಂಥದ್ದು) ಘೋಷಣೆಯಾಗಿತ್ತು, ಆರ್‌ಎಫ್ (ಆರ್ ಸರಣಿಯ ಕ್ಯಾಮೆರಾಗಳಿಗೆ ಮಾಡಿದ) 24-50 ಎಫ್ 4.5-6.3. ಚಂದದ, ಹಗುರವಾದ ಲೆನ್ಸ್. ಈಗ ನನ್ನ ಹಳೇ 17-55 ಎಫ್ 2.8 ತೆಗೆದುಕೊಳ್ಳಿ. ಎರಡು ಸೆನ್ಸರ್‌ಗಳ ಅಗಲದ ಅನುಪಾತವಾದ 1.6ರಿಂದ ಗುಣಿಸಿದರೆ ಫುಲ್-ಫ್ರೇಮ್ ಲೆಕ್ಕದಲ್ಲಿ ಅದು ಸುಮಾರು 27-88, ಎಫ್ 4.5 ಆಗುತ್ತದೆ. ಅಗಲದ ತುದಿಯಲ್ಲಿ ಎರಡೂ ಸಮ. 50 ಮಿ.ಮೀ. ನೋಟಕ್ಕೆ ಬಂದರೆ ನನ್ನ ಹಳೇ ಲೆನ್ಸ್ ಈಗಲೂ 4.5, ಹೊಸದು 6.3. ಪೂರ್ತಿ ಒಂದು ಸ್ಟಾಪ್ ಹಿಂದೆ! 80ಡಿಯಲ್ಲಿ ಎಫ್ 2.8, ಐಎಸ್‌ಒ (ಬಿದ್ದ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) 1600ಕ್ಕೆ ತೆಗೆದ ಫೋಟೊವನ್ನು ಅದೇ ಶಟರ್ ವೇಗದಲ್ಲಿ ಆರ್8 ಮತ್ತು ಕಿಟ್ ಲೆನ್ಸ್ ಹಿಡಿದು ಎಫ್ 6.3ರಲ್ಲಿ ತೆಗೆಯಬೇಕಾದರೆ ಐಎಸ್‌ಒ 8000 ಬೇಕು. ಹೊಸ ಸೆನ್ಸರ್ ಹಳೆಯದಕ್ಕಿಂತ ಒಳ್ಳೆಯದು, ಒಂದಷ್ಟು ಸರಿದೂಗಿಸುತ್ತದೆ, ಒಪ್ಪುತ್ತೇನೆ. ಆದರೂ ಇಷ್ಟು ದುಡ್ಡು ಸುರಿದು ಇದ್ದಲ್ಲೇ ಇರುವುದಾದರೆ ಸುಮ್ನೆ ಯಾಕೆ?

ಹಾಗಾದರೆ 17-55ನ್ನೇ ಅಡಾಪ್ಟರ್ (ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಕೂರಿಸುವ ಬಳೆ) ಹಾಕಿ ಬಳಸಬಹುದಲ್ಲ ಅನ್ನಬಹುದು. ಹಾಕಬಹುದು. ಆದರೆ ಅದು ಕ್ರಾಪ್ ಸೆನ್ಸರ್‌ಗೆಂದೇ ಮಾಡಿದ ಲೆನ್ಸ್. ಸಿಕ್ಕಿಸಿದ ತಕ್ಷಣ ಕ್ಯಾಮೆರಾ ತಾನೇ ಸೆನ್ಸರ್‌ನ ನಡುಭಾಗಕ್ಕೆ ಇಳಿಯುತ್ತದೆ, ಕೈಗೆ ಸಿಗುವುದು 9 ಮೆಗಾಪಿಕ್ಸೆಲ್ ಚಿಲ್ಲರೆ. ಫುಲ್-ಫ್ರೇಮ್ ಕೊಂಡು ಅದರ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಬೀಗ ಹಾಕಿದ ಹಾಗೆ.

70-200 ಎಫ್ 4ರದ್ದು ಇನ್ನೊಂದು ಕಥೆ. ಕ್ರಾಪ್‌ನಲ್ಲಿ ಅದು 320ರವರೆಗೆ ಹೋದಂತೆ ಕಾಣುತ್ತದೆ, ಫುಲ್-ಫ್ರೇಮ್‌ನಲ್ಲಿ 200ಕ್ಕೇ ನಿಲ್ಲುತ್ತದೆ. ಹಿಂದಿನ ಸಾಲಿನಲ್ಲಿ ಕೂತು ನೃತ್ಯ ಮಾಡುವವರ ಮುಖ ಹಿಡಿಯಬೇಕಾದರೆ ಆಮೇಲೆ ಕತ್ತರಿಸಲೇಬೇಕು. ಕತ್ತರಿಸಿದರೆ ಉಳಿಯುವುದು ಸಣ್ಣ ಸೆನ್ಸರ್‌ನಷ್ಟೇ ಜಾಗ, ಸಣ್ಣ ಸೆನ್ಸರ್‌ನಷ್ಟೇ ಬೆಳಕು. ಫ್ರೇಮ್ ತುಂಬಿಸಿದರೆ ಮಾತ್ರ ದೊಡ್ಡ ಸೆನ್ಸರ್‌ನ ಲಾಭ. ಹಕ್ಕಿ ಫೋಟೊ ತೆಗೆಯುವ ಗೆಳೆಯರು ಫುಲ್-ಫ್ರೇಮ್ ಆಸೆಯನ್ನು ಸಲೀಸಾಗಿ ಬಿಟ್ಟಿದ್ದಕ್ಕೆ ಇದೇ ಕಾರಣ.

ನನ್ನ ಹಳೇ ಫೋಟೊಗಳನ್ನು ಲೈಟ್‌ರೂಮ್ ಅನ್ನುವ ಫೋಟೊ ತಂತ್ರಾಂಶದಲ್ಲಿ ಫೋಕಲ್ ಲೆಂತ್ ಮತ್ತು ಐಎಸ್‌ಒ ಪ್ರಕಾರ ಸೋಸಿ ನೋಡಿದೆ. ಅದು ಇರುವವರು ಯಾರು ಬೇಕಾದರೂ ಮಾಡಬಹುದಾದ ಕೆಲಸ, ಬೇರೆ ಖರ್ಚಿಲ್ಲ. ವೇದಿಕೆಯ ಫೋಟೊಗಳಲ್ಲಿ ನಾನು ಉಳಿಸಿಕೊಂಡಿದ್ದವು ಬಹುತೇಕ 100ರಿಂದ 130ರ ಆಸುಪಾಸಿನಲ್ಲಿ ತೆಗೆದವು. ಅದು ಫುಲ್-ಫ್ರೇಮ್‌ನಲ್ಲಿ 160ರಿಂದ 200ರ ನೋಟ, 70-200ರ ಹಿಡಿತದೊಳಗೇ ಬರುತ್ತದೆ. ಮನೆಯೊಳಗಿನವು ಮುಕ್ಕಾಲು ಪಾಲು 50 ಎಫ್ 1.8ರಲ್ಲಿ. ಈ ಎರಡೂ ಲೆನ್ಸ್ ಫುಲ್-ಫ್ರೇಮ್‌ಗೆ ಮಾಡಿದವೇ. ಅಲ್ಲಿಗೆ ನನ್ನ ಕೆಲಸಕ್ಕೆ ಪೂರ್ತಿ ಲಾಭ ಇದೆ ಅಂತ ಖಾತ್ರಿಯಾಯಿತು.

ಆದರೂ ಬಾಡಿಗೆಗೆ ತಂದು ನೋಡದೆ ಕೊಳ್ಳಲು ಮನಸ್ಸಾಗಲಿಲ್ಲ. ಮುಖ್ಯವಾಗಿ ಶಟರ್ ಬಗ್ಗೆ ಅನುಮಾನ ಇತ್ತು. ಆರ್8ರಲ್ಲಿ ಮೊದಲ ಪರದೆ ಎಲೆಕ್ಟ್ರಾನಿಕ್, ಎರಡನೆಯದು ಮಾತ್ರ ನಿಜವಾದ ಪರದೆ. ಆ ಪರದೆ ಸೆನ್ಸರ್‌ನಿಂದ ಒಂಚೂರು ಮುಂದಿರುತ್ತದೆ. ಬಿಸಿಲಲ್ಲಿ 50 ಎಫ್ 1.8 ಪೂರ್ತಿ ತೆರೆದು, 1/4000 ಸೆಕೆಂಡಿನ ಶಟರ್ ವೇಗದಲ್ಲಿ, ಎಲೆಗಳ ನಡುವೆ ತೂರಿಬರುವ ಬೆಳಕಿನ ಮುಂದೆ ಒಬ್ಬರನ್ನು ನಿಲ್ಲಿಸಿ ತೆಗೆದೆ. ಹಿನ್ನೆಲೆಯ ದುಂಡನೆಯ ಬೆಳಕಿನ ಬಿಲ್ಲೆಗಳು ಒಂದು ಅಂಚಿನಲ್ಲಿ ಚಪ್ಪಟೆಯಾಗಿ ಕತ್ತರಿಸಿದಂತೆ ಬಂದವು. ಅದೇ ಜಾಗದಲ್ಲಿ 1/1000ಕ್ಕೆ ಇಳಿಸಿದರೆ ಹುಡುಕಿ ನೋಡಿದರೂ ಕಾಣಲಿಲ್ಲ. ಪೂರ್ತಿ ಎಲೆಕ್ಟ್ರಾನಿಕ್ ಶಟರ್‌ಗೆ ಹೋದರೆ 1/4000ರಲ್ಲೂ ಬಿಲ್ಲೆಗಳು ದುಂಡಗೇ ಇದ್ದವು. ಹೊರಗೆ ಅದು ಸಾಕು. ವೇದಿಕೆಯ ಎಲ್‌ಇಡಿ ದೀಪದ ಕೆಳಗೆ ಮಾತ್ರ ಎಲೆಕ್ಟ್ರಾನಿಕ್ ಶಟರ್ ಬೇಡ, ಫೋಟೊದ ಮೇಲೆ ಪಟ್ಟೆ ಪಟ್ಟೆ ಬೀಳುತ್ತದೆ. ಅಲ್ಲಿ ನನ್ನ ವೇಗ 1/250ರ ಸುತ್ತ ಇರುವುದರಿಂದ ಬಿಲ್ಲೆ ಕತ್ತರಿಸುವ ಸಮಸ್ಯೆಯೇ ಏಳುವುದಿಲ್ಲ. ಆ ಅರ್ಧ ಮೆಕ್ಯಾನಿಕಲ್ ಶಟರ್‌ನಲ್ಲಿ ಸಿಗುವುದು ಸೆಕೆಂಡಿಗೆ 6 ಫೋಟೊ, ನನಗೆ ಧಾರಾಳ.

ನಾನು ನಾಯ್ಸ್ ನೋಡಲೆಂದು ತಂದ ಕ್ಯಾಮೆರಾ ಮನಸ್ಸು ಗೆದ್ದಿದ್ದು ಫೋಕಸ್‌ನಲ್ಲಿ. 80ಡಿಯ 45 ಬಿಂದುಗಳು ನಡುವೆ ಗುಂಪುಗೂಡಿರುತ್ತವೆ. ಮುಖ ಅಂಚಿಗೆ ಬಂದರೆ ಫೋಕಸ್ ಮಾಡಿ, ಕ್ಯಾಮೆರಾ ತಿರುಗಿಸಿ, ಅಷ್ಟರಲ್ಲಿ ಮಗು ಹೋಗಿರುತ್ತದೆ. ಆರ್8 ಫ್ರೇಮ್‌ನ ಮೂಲೆಯಲ್ಲಿದ್ದ ಕಣ್ಣನ್ನೂ ಹಿಡಿದು ಬಿಡದೆ ಹೋಗುತ್ತದೆ, ಎಫ್ 1.8ರಲ್ಲೂ. ಇಷ್ಟು ಮಾತ್ರ ಬೇಕಿದ್ದರೆ ಫುಲ್-ಫ್ರೇಮ್ ಬೇಕಾಗಿಲ್ಲ. 2022ರಲ್ಲಿ ಬಂದ ಆರ್10, ಆರ್7 ಎರಡೂ ಕ್ರಾಪ್ ಸೆನ್ಸರ್‌ನವು, ಕಣ್ಣು ಹಿಡಿಯುವುದರಲ್ಲಿ ಅವೂ ಗಟ್ಟಿಗವೇ. ನನಗೆ ಬೆಳಕೂ ಬೇಕಿತ್ತು, ಅದಕ್ಕೆ ಆರ್8 ಕಡೆ ವಾಲಿದೆ.

ಕೊನೆಗೆ ಕಿಟ್ ಲೆನ್ಸ್ ಬಿಟ್ಟು ಬಾಡಿ ಮತ್ತು ಅಡಾಪ್ಟರ್ ಮಾತ್ರ ಕೊಂಡೆ. ಉಳಿದ ದುಡ್ಡಿಗೆ 17-55 ಮಾರಿದ್ದನ್ನೂ ಸೇರಿಸಿ ಆರ್‌ಎಫ್ 35 ಎಫ್ 1.8 ತಗೊಂಡೆ, 305 ಗ್ರಾಂ, ಅದರಲ್ಲೇ ಸ್ಟೆಬಿಲೈಸೇಶನ್ ಇದೆ. 461 ಗ್ರಾಂನ ಬಾಡಿಗೆ ಹೇಳಿ ಮಾಡಿಸಿದ ಜೋಡಿ. ಜೂಮ್ ಜಾಗ ಬಹಳ ಕಾಲ ಖಾಲಿಯೇ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ 495 ಗ್ರಾಂನ ಆರ್‌ಎಫ್ 28-70 ಎಫ್ 2.8 ಬಂದ ಮೇಲೆ ಅದು ತುಂಬಿತು. ಹಗುರವಾದ ಈ ಬಾಡಿ ಜೊತೆ ಮೊದಲ ದಿನವೇ ಇರಬೇಕಾಗಿದ್ದ ಲೆನ್ಸ್ ಅದು ಅಂತ ನನಗನಿಸುತ್ತದೆ.

ಹಿಂಬದಿಯ ಚಕ್ರವನ್ನು ಹೆಬ್ಬೆರಳು ಈಗಲೂ ಹುಡುಕುತ್ತದೆ. ಬ್ಯಾಟರಿ ವಿಷಯದಲ್ಲಿ ಮಾತ್ರ ಮೊದಲೇ ತಯಾರಿ ಬೇಕು. 80ಡಿಯದ್ದು 1865 ಎಂಎಎಚ್, ಇದರದ್ದು 1040, ಮೇಲಾಗಿ ವ್ಯೂಫೈಂಡರ್ ಸದಾ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಚೀಲದಲ್ಲಿ ಇನ್ನೆರಡು ಬ್ಯಾಟರಿ ಇಟ್ಟಿರುತ್ತೇನೆ. ಯುಎಸ್‌ಬಿ-ಸಿಯಿಂದಲೂ ಚಾರ್ಜ್ ಆಗುತ್ತದೆ, ಆದರೆ ಪವರ್ ಬ್ಯಾಂಕ್ ಪಿಡಿ (ಪವರ್ ಡೆಲಿವರಿ ಅನ್ನುವ ಯುಎಸ್‌ಬಿ ಚಾರ್ಜಿಂಗ್ ಪದ್ಧತಿ) ಬೆಂಬಲ ಇರುವಂಥದ್ದೇ ಆಗಿರಬೇಕು.